ನೀಲಿಯ ಗುಟ್ಟು

ಮಡಿಕೇರಿಯ ತವರುಮನೆ ಮಾರಾಟವಾದಾಗ ನನ್ನ ತಾಯಿಯವರು ಜೊತೆಗೆ ತಂದದ್ದು ಅಂಗಳದ ನೀಲಿ ಹೈಡ್ರೇಂಜಿಯದ ಒಂದು ಕಡ್ಡಿ ಮಾತ್ರ. ಮೈಸೂರಿನ ನಮ್ಮ ಕೈತೋಟದಲ್ಲಿ ಅದು ನಸುಗೆಂಪಾಗಿ ಅರಳಿತು. ತವರಿನ ಗುರುತೇ ಅಳಿಯಿತೆಂದು ಅವರು ನೊಂದುಕೊಂಡರು.

ಗಿಡ ಬದಲಾಗಿರಲಿಲ್ಲ, ಬದಲಾದದ್ದು ಮಣ್ಣು. ಪಿಎಚ್ 5.5ಕ್ಕಿಂತ ಕೆಳಗಿನ ಹುಳಿಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ದಕ್ಕುತ್ತದೆ. ಹೂವಿನ ವರ್ಣದ್ರವ್ಯದೊಡನೆ ಅದು ಕೂಡಿದರೆ ನೀಲಿ. ಸುಣ್ಣದಂಶ ಹೆಚ್ಚಿದ ಮಣ್ಣಿನಲ್ಲಿ ಅದು ದಕ್ಕದು, ಆಗ ನಸುಗೆಂಪು. ಲಿಟ್ಮಸ್ ಕಾಗದದ ರೀತಿಗೆ ಇದು ತೀರ ವಿರುದ್ಧ. ನಾವು ಎಸಳೆನ್ನುವುದು ನಿಜವಾಗಿ ಪುಷ್ಪಪತ್ರ. ಆದುದರಿಂದಲೇ ಗೊಂಚಲು ವಾರಗಟ್ಟಲೆ ಬಾಡದು.

ಅದೇ ಗಿಡದ ಕಡ್ಡಿಯೊಂದನ್ನು ಕುಂಡದ ಹುಳಿಮಣ್ಣಿನಲ್ಲಿ ನೆಟ್ಟು, ಅರೆನೆರಳಿನಲ್ಲಿರಿಸಿ, ಮಳೆನೀರಿನಲ್ಲಿ ಅಲ್ಯೂಮಿನಿಯಂ ಸಲ್ಫೇಟನ್ನು ಮಿತವಾಗಿ ಕರಗಿಸಿ ಉಣಿಸಿದೆ. ಎರಡನೆಯ ವರ್ಷ ನೀಲಿ ಮೂಡಿತು. ಈಗ ತಾಯಿಯವರು ಎರಡಕ್ಕೂ ನೀರೆರೆಯುತ್ತಾರೆ.