ಹದಿನಾಲ್ಕರ ಮಗು ಶಾಲೆ ಬಿಟ್ಟು ಮನೆಯಲ್ಲೇ ಕಲಿಯಬಹುದೇ?

ಎಂಟನೇ ಕ್ಲಾಸು ಮುಗಿಸಿದ ಮಗಳು ‘ಅಮ್ಮ, ಇನ್ನು ಸ್ಕೂಲಿಗೆ ಹೋಗಲ್ಲ, ಮನೇಲೇ ಓದ್ತೀನಿ’ ಎಂದರೆ ಹೆಚ್ಚಿನ ಮನೆಗಳಲ್ಲಿ ಮೊದಲು ಸಿಗುವುದು ಗದರಿಕೆ. ನೆಂಟರಿಷ್ಟರಿಗೆ ಏನು ಹೇಳುವುದೆಂಬ ಚಿಂತೆ ಆಮೇಲಿನದು. ಕೆಲವು ಮನೆಗಳಲ್ಲಿ ಇದು ತಿರುವುಮುರುವಾಗಿಯೂ ನಡೆಯುತ್ತದೆ: ಅಪ್ಪ ಅಮ್ಮನೇ ಉತ್ಸಾಹದಿಂದ ತೀರ್ಮಾನಿಸಿ, ಟಿ.ಸಿ. ತಂದಿಟ್ಟು, ಮಗುವಿಗೆ ಕೊನೆಯಲ್ಲಿ ತಿಳಿಸುತ್ತಾರೆ. ಎರಡೂ ತಪ್ಪು. ಆರು ವರ್ಷದ ಕೂಸನ್ನು ಮಡಿಲಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸಬಹುದು. ಹದಿನಾಲ್ಕರ ಹುಡುಗನಿಗೆ ಮನಸ್ಸಿಲ್ಲದಿದ್ದರೆ ಅವನನ್ನು ದಿನವಿಡೀ ಪುಸ್ತಕದ ಮುಂದೆ ಕೂರಿಸಲು ಯಾವ ತಾಯಿಗೂ ಆಗದು. ಈ ವಯಸ್ಸಿನ ಹೋಮ್‌ಸ್ಕೂಲಿಂಗ್ ಮಗುವೇ ಬಯಸಿದರೆ ಮಾತ್ರ ನಡೆಯುವಂಥದ್ದು.

ಹಲವರನ್ನು ಕಾಡುವುದು ಕಾನೂನಿನ ಭಯ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಹದಿನಾಲ್ಕು ದಾಟಿದ ಮೇಲೆ ಆ ಕಟ್ಟು ಸಡಿಲ. ಆಮೇಲಿನ ಪ್ರಶ್ನೆ ಪ್ರಮಾಣಪತ್ರದ್ದು, ಅದೇ ದೊಡ್ಡದು.

ಹೋಮ್‌ಸ್ಕೂಲಿಂಗ್ ಎಂದೊಡನೆ ಮುಂಬೈನ ಮಾಳವಿಕಾ ರಾಜ್ ಜೋಶಿಯ ಹೆಸರು ಬರುತ್ತದೆ. ಏಳನೇ ತರಗತಿಯ ನಂತರ ಶಾಲೆ ಬಿಟ್ಟ ಈ ಹುಡುಗಿ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್ ಪದಕಗಳ ಬಲದಿಂದ 2016ರಲ್ಲಿ ಅಮೆರಿಕದ ಎಂಐಟಿ ಸೇರಿದಳು. ಅದೇ ಹುಡುಗಿಗೆ ಹನ್ನೆರಡನೇ ತರಗತಿಯ ಪ್ರಮಾಣಪತ್ರ ಇಲ್ಲವೆಂಬ ಕಾರಣಕ್ಕೆ ನಮ್ಮ ಐಐಟಿಗಳ ಬಾಗಿಲು ತೆರೆಯಲಿಲ್ಲ. ಅವಳ ಕಥೆ ಹೇಳುವವರು ಈ ಎರಡನೇ ಭಾಗವನ್ನೂ ಹೇಳಬೇಕು.

ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ ಹಿಡಿಯುವ ದಾರಿ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್ಐಒಎಸ್. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ನೋಂದಾಯಿಸಬಹುದು. ನೋಂದಣಿ ಐದು ವರ್ಷ ನಡೆಯುತ್ತದೆ, ವರ್ಷಕ್ಕೆ ಎರಡು ಬಾರಿ ಪರೀಕ್ಷೆ. ಎಲ್ಲ ವಿಷಯವನ್ನೂ ಒಟ್ಟಿಗೇ ಬರೆಯಬೇಕೆಂದಿಲ್ಲ. ಗಣಿತ ಈ ಸಲ, ವಿಜ್ಞಾನ ಮುಂದಿನ ಸಲ. ಸಂಗೀತವನ್ನೋ ಆಟವನ್ನೋ ಗಂಭೀರವಾಗಿ ಹಿಡಿದ ಮಗುವಿಗೆ ಇದು ದೊಡ್ಡ ನಿರಾಳ. ಮುಕ್ತ ಶಾಲೆಯವರನ್ನು ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಿಂದ ದೂರವಿಟ್ಟಿದ್ದ ನಿಯಮವನ್ನೂ ದೆಹಲಿ ಹೈಕೋರ್ಟ್ 2018ರಲ್ಲಿ ತಳ್ಳಿಹಾಕಿತು.

ನಮ್ಮ ರಾಜ್ಯದ ಪೋಷಕರು ಇನ್ನೊಂದು ಲೆಕ್ಕ ಹಾಕಲೇಬೇಕು, ಹೆಚ್ಚಿನವರು ಇದನ್ನು ಮರೆಯುತ್ತಾರೆ. ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಬೇಕಾದರೆ ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೂ ಅದೇ ಹತ್ತು ವರ್ಷ. ಎಂಟು ವರ್ಷ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ ಮಗು ಒಂಬತ್ತಕ್ಕೆ ಮನೆಯಲ್ಲಿ ಕೂತರೆ ಈ ಎರಡೂ ಅನುಕೂಲ ಕೈತಪ್ಪಬಹುದು. ಇನ್ನೆರಡು ವರ್ಷಕ್ಕಾಗಿ ಅದನ್ನು ಬಿಟ್ಟುಕೊಡಬೇಕೇ ಎಂದು ಮಗುವಿನ ಮುಂದೆಯೇ ಮಾತಾಡಿ. ಅದರ ಮುಂದಿನ ಬದುಕಿನ ವಿಚಾರ ಅದಕ್ಕೂ ತಿಳಿದಿರಲಿ.

ಇಷ್ಟಾದರೂ ಸಿಲಬಸ್ಸು, ಸರ್ಟಿಫಿಕೇಟು ಹೇಗೋ ಆಗಿಬಿಡುತ್ತವೆ. ಕಷ್ಟವಿರುವುದು ಹಗಲಿನಲ್ಲಿ. ನಾನು ಕಂಡ ಒಂದು ಮನೆಯಲ್ಲಿ ಹುಡುಗ ಬೆಳಿಗ್ಗೆ ಹತ್ತೂವರೆಗೆ ಪಾಠ ಮುಗಿಸಿಬಿಡುತ್ತಿದ್ದ. ಒಬ್ಬನೇ ಕಲಿಯುವಾಗ ಪಾಠ ಬೇಗ ಮುಗಿಯುವುದು ಸಹಜ. ಆಮೇಲಿನ ಹೊತ್ತು ಮೊಬೈಲಿಗೆ. ಸಂಜೆ ಶಾಲೆಯ ವ್ಯಾನು ಬರುವ ಹೊತ್ತಿಗೆ ಗೇಟಿಗೆ ಬಂದು, ಹಳೆಯ ಗೆಳೆಯರು ಇಳಿಯುವುದನ್ನೇ ನೋಡುತ್ತ ನಿಲ್ಲುತ್ತಿದ್ದ. ಅವರ ಮಾತಲ್ಲಿ ಬರುವ ಹೊಸ ಮೇಷ್ಟ್ರು, ಕ್ಲಾಸಿನ ಜಗಳ ಯಾವುದೂ ಅವನಿಗೆ ಗೊತ್ತಿಲ್ಲ. ಅವನ ಅಮ್ಮ ಅದನ್ನು ಗಮನಿಸಿ ಕಬಡ್ಡಿ ತಂಡಕ್ಕೆ ಸೇರಿಸಿದರು, ಊರ ಗ್ರಂಥಾಲಯಕ್ಕೆ ದಿನಾ ಕಳಿಸಿದರು. ಹುಡುಗ ಚೇತರಿಸಿಕೊಂಡ. ಗಮನಿಸಲು ಹಗಲಿನಲ್ಲಿ ಮನೆಯಲ್ಲಿ ಯಾರೋ ಇದ್ದರು ಎಂಬುದೇ ಇಲ್ಲಿ ಮುಖ್ಯ. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ, ಬೀಗ ಹಾಕಿದ ಬಾಗಿಲ ಹಿಂದೆ ಒಂದು ಲ್ಯಾಪ್‌ಟಾಪಿನ ಜತೆ ಮಗುವನ್ನು ಬಿಟ್ಟು ಹೋಗುವುದನ್ನು ಶಿಕ್ಷಣ ಎಂದು ಕರೆಯಲು ನಾನು ಒಪ್ಪಲಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ನನಗೆ ಇನ್ನೊಂದು ಆತಂಕವಿದೆ. ‘ಹೇಗೂ ಮನೆಯಲ್ಲೇ ಇದ್ದೀಯಲ್ಲ’ ಎಂಬ ಮಾತಿನೊಂದಿಗೆ ಕುಕ್ಕರು, ತಮ್ಮನ ಊಟ, ಅಜ್ಜಿಯ ಮಾತ್ರೆ ಒಂದೊಂದಾಗಿ ಅವಳ ಪಾಲಿಗೆ ಬರುತ್ತವೆ. ವರ್ಷ ಕಳೆಯುವಷ್ಟರಲ್ಲಿ ಓದು ಹಿಂದಕ್ಕೆ, ಮನೆಗೆಲಸ ಮುಂದಕ್ಕೆ. ಶಾಲೆ ಎಷ್ಟೇ ಸಾಧಾರಣವಾಗಿರಲಿ, ಅಲ್ಲಿದ್ದ ಹೊತ್ತು ಅವಳದಾಗಿತ್ತು.

ಹಾಗೆಂದು ಶಾಲೆಯಲ್ಲಿ ಪ್ರತಿದಿನ ಹೀಯಾಳಿಸಿಕೊಂಡು, ಹೊಡೆತ ತಿಂದು, ಬೆಳಿಗ್ಗೆಯಾದರೆ ಹೊಟ್ಟೆನೋವೆಂದು ಮುದುಡುವ ಮಗುವನ್ನು ಅಲ್ಲೇ ದೂಡುವುದು ಕ್ರೌರ್ಯ. ಅಂಥಲ್ಲಿ ಮೊದಲು ಶಾಲೆ ಬದಲಿಸಿ ನೋಡಿ, ಆಪ್ತಸಮಾಲೋಚಕರನ್ನು ಕಾಣಿ. ಶಾಲೆ ಎಂಬುದೇ ಮಗುವಿಗೆ ಸಹಿಸಲಾಗದ್ದಾಗಿದ್ದರೆ ಮನೆಯಲ್ಲೇ ಕಲಿಯಲಿ, ತಪ್ಪಿಲ್ಲ.

ತೀರ್ಮಾನಕ್ಕೆ ಅವಸರ ಬೇಡ. ಏಪ್ರಿಲ್–ಮೇ ರಜೆಯಲ್ಲಿ ಕೆಲವು ವಾರ ಮುಂದಿನ ತರಗತಿಯ ಪಾಠವನ್ನು ಮನೆಯಲ್ಲೇ ನಡೆಸಿ ನೋಡಿ. ವೇಳಾಪಟ್ಟಿಯನ್ನು ಮಗುವೇ ಬರೆಯಲಿ, ಮುರಿದರೆ ಅದೇ ಸರಿಪಡಿಸಲಿ. ಮತ್ತೆ ಶಾಲೆಗೆ ಹೋಗಬೇಕೆನ್ನಿಸಿದರೆ ಹಂಗಿಸದೆ ಕಳಿಸುತ್ತೇವೆಂದು ಮಾತು ಕೊಡಿ. ರಜೆ ಮುಗಿದ ಮೇಲೂ ಮಗು ‘ಮನೆಯಲ್ಲೇ’ ಎಂದರೆ, ಆಗ ಟಿ.ಸಿ.ಗೆ ಅರ್ಜಿ ಬರೆಯಿರಿ.