ಸೂಜಿ ಚುಚ್ಚಿದರೆ ಹೊಣೆ ಯಾರದು? ನರ್ಸಿಂಗ್ ಹೋಂ ಮತ್ತು ಲ್ಯಾಬ್ ಮಾಲೀಕರು ತಿಳಿದಿರಬೇಕಾದ ಕಾನೂನು

ತುಮಕೂರು ನಗರದಲ್ಲಿ ವೈದ್ಯಕೀಯ ಸೇವೆಯು ಇಂದು ನೂರಾರು ಕುಟುಂಬಗಳಿಗೆ ಉದ್ಯೋಗ ನೀಡುವ ವ್ಯವಹಾರವಾಗಿ ಬೆಳೆದಿದೆ. ದೊಡ್ಡ ಆಸ್ಪತ್ರೆಗಳ ಜೊತೆಗೆ ನರ್ಸಿಂಗ್ ಹೋಂ, ದಂತ ಚಿಕಿತ್ಸಾಲಯ ಹಾಗೂ ರಕ್ತಪರೀಕ್ಷೆಯ ಲ್ಯಾಬ್‌ಗಳು ನಗರದಲ್ಲಷ್ಟೇ ಅಲ್ಲದೆ ಗುಬ್ಬಿ, ಕುಣಿಗಲ್ ಪಟ್ಟಣಗಳಲ್ಲಿಯೂ ಕಾರ್ಯನಿರ್ವಹಿಸುತ್ತಿವೆ. ಇವುಗಳಲ್ಲಿ ಹಲವು ಹತ್ತಕ್ಕಿಂತ ಕಡಿಮೆ ನೌಕರರಿರುವ ಸಣ್ಣ ಸಂಸ್ಥೆಗಳು. ‘ನಮ್ಮದು ಸಣ್ಣ ಸಂಸ್ಥೆ, ಕಾರ್ಮಿಕ ಕಾನೂನು ನಮಗೆ ಅನ್ವಯಿಸುವುದಿಲ್ಲ’ ಎಂಬ ಭಾವನೆ ಇಂತಹ ಮಾಲೀಕರಲ್ಲಿ ಸಾಮಾನ್ಯ. ನೌಕರರ ಆರೋಗ್ಯದ ವಿಷಯದಲ್ಲಿ ಈ ಭಾವನೆ ತಪ್ಪು ಮಾತ್ರವಲ್ಲ, ದುಬಾರಿಯೂ ಹೌದು.

ಅಪಾಯದ ಸ್ವರೂಪ

ರಕ್ತ ತೆಗೆಯುವಾಗ, ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವಾಗ ಅಥವಾ ಕಸ ವಿಂಗಡಿಸುವಾಗ ಸೂಜಿ ಚುಚ್ಚಿಕೊಳ್ಳುವುದು ಈ ವೃತ್ತಿಯ ಬಹು ಸಾಮಾನ್ಯ ಅವಘಡ. ಬೆಂಗಳೂರು-ಮಂಗಳೂರು ಹೆದ್ದಾರಿಯಲ್ಲಿರುವ ಕುಣಿಗಲ್‌ನಂತಹ ಊರಿನಲ್ಲಿ ರಸ್ತೆ ಅಪಘಾತದ ಗಾಯಾಳುವಿನ ರಕ್ತ ಪರೀಕ್ಷೆಯಾಗುವ ಮೊದಲೇ ಸಿಬ್ಬಂದಿಯ ಕೈಗೆ ಆ ರಕ್ತ ತಗುಲಿರುತ್ತದೆ. ಸೋಂಕಿತ ರಕ್ತವಿರುವ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವ ಸುಮಾರು ಶೇ. 0.3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ‘ಬಿ’ ತಗಲುವ ಸಂಭವವಾದರೋ ಶೇ. 30ರವರೆಗೂ ಇದೆ. ಹೆಚ್ಚು ಭಯ ಹುಟ್ಟಿಸುವ ಎಚ್‌ಐವಿಗಿಂತ ಹೆಪಟೈಟಿಸ್ ‘ಬಿ’ ಅನೇಕ ಪಟ್ಟು ಸುಲಭವಾಗಿ ಹರಡುತ್ತದೆ. ಆದರೆ ಅದನ್ನು ಮೂರು ಡೋಸು ಲಸಿಕೆಯಿಂದ ತಡೆಯಬಹುದು.

ಕಾನೂನು ಏನು ಹೇಳುತ್ತದೆ?

1923ರ ನೌಕರರ ಪರಿಹಾರ ಕಾಯಿದೆ ಮತ್ತು 1948ರ ನೌಕರರ ರಾಜ್ಯ ವಿಮಾ ಕಾಯಿದೆಗಳ ವಿಷಯಗಳು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿವೆ. ಈ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಇದರ ಮೂರನೆಯ ಅನುಸೂಚಿಯಲ್ಲಿ, ಆರೋಗ್ಯ ಸೇವೆ ಹಾಗೂ ಪ್ರಯೋಗಾಲಯದ ಕೆಲಸದಲ್ಲಿ ತಗಲುವ ಸೋಂಕು ರೋಗಗಳು ವೃತ್ತಿಜನ್ಯ ರೋಗಗಳ ಪಟ್ಟಿಯ ಮೊದಲ ಸ್ಥಾನದಲ್ಲಿವೆ. ಅಂತಹ ರೋಗವನ್ನು ಕೆಲಸದಲ್ಲಾದ ಅಪಘಾತಕ್ಕೆ ಸಮನಾಗಿ ಪರಿಗಣಿಸಲಾಗುತ್ತದೆ. ರೋಗವು ಕೆಲಸದಿಂದ ಬಂದದ್ದಲ್ಲವೆಂದು ಸಾಬೀತುಪಡಿಸುವ ಭಾರ ಮಾಲೀಕನ ಮೇಲಿರುತ್ತದೆ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ, ವೇತನ ಮಿತಿಯೊಳಗಿನ ನೌಕರರ ಈ ಹೊಣೆಯನ್ನು ಇ.ಎಸ್.ಐ. ನಿಗಮವು ವಹಿಸಿಕೊಳ್ಳುತ್ತದೆ. 2019ರ ಜುಲೈನಲ್ಲಿ ನಿಗದಿಯಾದ ದರದಂತೆ ಮಾಲೀಕನ ವಂತಿಗೆ ವೇತನದ ಶೇ. 3.25, ನೌಕರನದು ಶೇ. 0.75. ಹತ್ತಕ್ಕಿಂತ ಕಡಿಮೆ ನೌಕರರಿದ್ದರೆ ಈ ರಕ್ಷಣೆ ತಾನಾಗಿ ದೊರೆಯುವುದಿಲ್ಲ. ಹೊಣೆ ನೇರವಾಗಿ ಮಾಲೀಕನದಾಗುತ್ತದೆ. ವೇತನ ಮಿತಿಯನ್ನು ಮೀರಿದ ಹಿರಿಯ ನರ್ಸ್‌ಗಳ ವಿಷಯದಲ್ಲಿ ದೊಡ್ಡ ಸಂಸ್ಥೆಗಳೂ ಇದೇ ಎಚ್ಚರ ವಹಿಸಬೇಕು.

ಲೆಕ್ಕದ ಮಾತು

ಗುಬ್ಬಿಯ ಒಂದು ಲ್ಯಾಬ್‌ನಲ್ಲಿ ಆರು ಮಂದಿ ನೌಕರರಿದ್ದಾರೆಂದು ಇಟ್ಟುಕೊಳ್ಳಬಹುದು. ಅವರಲ್ಲಿ ತಿಂಗಳಿಗೆ ರೂ. 12,000 ವೇತನ ಪಡೆಯುವ 30 ವರ್ಷದ ತಂತ್ರಜ್ಞರೊಬ್ಬರು ವೃತ್ತಿಜನ್ಯ ರೋಗದಿಂದ ಮೃತಪಟ್ಟರೆ, ವೇತನದ ಅರ್ಧ ರೂ. 6,000ವನ್ನು ಆ ವಯಸ್ಸಿಗೆ ಗೊತ್ತುಪಡಿಸಿದ ಗುಣಕ 207.98ರಿಂದ ಗುಣಿಸಬೇಕು. ಬರುವ ಮೊತ್ತ ರೂ. 12,47,880. ಸಂಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ವೇತನದ ಶೇ. 60ರ ಲೆಕ್ಕದಲ್ಲಿ ಅದು ರೂ. 14,97,456 ಆಗುತ್ತದೆ. ಪಾವತಿ ತಡವಾದರೆ ಶೇ. 12ರ ಬಡ್ಡಿ, ಸಕಾರಣವಿಲ್ಲದೆ ತಡಮಾಡಿದ್ದರೆ ಮೊತ್ತದ ಅರ್ಧದಷ್ಟರವರೆಗೆ ದಂಡವೂ ಸೇರಬಹುದು. ಸಣ್ಣ ಲ್ಯಾಬ್ ಒಂದನ್ನು ಮುಚ್ಚಿಸಲು ಇಷ್ಟು ಸಾಕು. ಇದಕ್ಕೆ ಹೋಲಿಸಿದರೆ ಮೂರು ಡೋಸು ಲಸಿಕೆಯ ವೆಚ್ಚ ಆ ನೌಕರರ ಒಂದು ತಿಂಗಳ ವೇತನಕ್ಕಿಂತ ಬಹಳ ಕಡಿಮೆ. ಅದು ವ್ಯವಹಾರದ ಖರ್ಚಾಗಿ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಅರ್ಹವೂ ಆಗಿದೆ.

ಮಾಲೀಕರು ಕೈಗೊಳ್ಳಬೇಕಾದ ಕ್ರಮಗಳು

1. ಲಸಿಕೆ ಮತ್ತು ತಪಾಸಣೆ: 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ತ್ಯಾಜ್ಯವನ್ನು ಮುಟ್ಟುವ ಎಲ್ಲ ಸಿಬ್ಬಂದಿಗೂ ಹೆಪಟೈಟಿಸ್ ‘ಬಿ’ ಹಾಗೂ ಧನುರ್ವಾಯು ಲಸಿಕೆ ಹಾಕಿಸುವುದು ಕಡ್ಡಾಯ. ಕೆಲಸಕ್ಕೆ ಸೇರುವಾಗ ಮತ್ತು ಪ್ರತಿವರ್ಷ ಆರೋಗ್ಯ ತಪಾಸಣೆ ಹಾಗೂ ತರಬೇತಿಯೂ ಆಗಬೇಕು. ಸೇರುವಾಗಿನ ತಪಾಸಣೆಯ ದಾಖಲೆ ಇಲ್ಲದಿದ್ದರೆ, ರೋಗ ಮೊದಲೇ ಇತ್ತೆಂದು ವಾದಿಸಲು ಮಾಲೀಕನಿಗೆ ಆಧಾರವೇ ಇರುವುದಿಲ್ಲ. ಆದರೆ ಎಚ್‌ಐವಿ ಪರೀಕ್ಷೆಯನ್ನು ನೇಮಕದ ಷರತ್ತಾಗಿಸುವಂತಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ಅದನ್ನು ನಿಷೇಧಿಸಿದೆ.

2. ಸೂಜಿ ಚುಚ್ಚಿದ ತಕ್ಷಣ: ಗಾಯವನ್ನು ಹಿಂಡದೆ ಸೋಪು-ನೀರಿನಿಂದ ತೊಳೆದು, ಕೂಡಲೇ ವೈದ್ಯರಿಗೆ ತೋರಿಸಬೇಕು. ಎಚ್‌ಐವಿ ತಡೆಯುವ ಔಷಧಿ ಬೇಕೆಂದು ವೈದ್ಯರು ಸೂಚಿಸಿದರೆ ಅದನ್ನು ಎರಡು ಗಂಟೆಯೊಳಗೆ ಆರಂಭಿಸುವುದು ಉತ್ತಮ. 72 ಗಂಟೆ ಮೀರಬಾರದು, 28 ದಿನ ತಪ್ಪದೆ ಸೇವಿಸಬೇಕು. ಈ ಔಷಧಿ ಒದಗಿಸುವುದು ಅದೇ 2017ರ ಕಾಯಿದೆಯಂತೆ ಸಂಸ್ಥೆಯ ಕರ್ತವ್ಯ. ರಾತ್ರಿ ಪಾಳಿಯಲ್ಲಿ ಅವಘಡವಾದರೆ ಔಷಧಿ ಎಲ್ಲಿ ದೊರೆಯುತ್ತದೆ ಎಂಬುದನ್ನು ಗುಬ್ಬಿ, ಕುಣಿಗಲ್‌ನ ಸಂಸ್ಥೆಗಳು ಮೊದಲೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಬೇಕು.

3. ದಾಖಲೆ: ಪ್ರತಿ ಅವಘಡದ ದಿನಾಂಕ, ವೇಳೆ ಮತ್ತು ಕೈಗೊಂಡ ಕ್ರಮವನ್ನು ರಿಜಿಸ್ಟರ್‌ನಲ್ಲಿ ಬರೆಯಬೇಕು. ಹೇಳಿದವರನ್ನು ಗದರಿಸಿದರೆ ಮುಂದಿನವರು ಮುಚ್ಚಿಡುತ್ತಾರೆ. ಔಷಧಿಯ ಸಮಯ ಮೀರಿಹೋಗುತ್ತದೆ.

4. ವಿಮೆ: ಸಣ್ಣ ಸಂಸ್ಥೆಯಲ್ಲಿ ಮಾಲೀಕ ಹಾಗೂ ಬಹುಪಾಲು ನೌಕರರು ಒಪ್ಪಿದರೆ ಸ್ವಇಚ್ಛೆಯಿಂದ ಇ.ಎಸ್.ಐ. ವ್ಯಾಪ್ತಿಗೆ ಸೇರಲು ಸಂಹಿತೆಯಲ್ಲಿ ಅವಕಾಶವಿದೆ. ಇಲ್ಲವಾದರೆ ನೌಕರರ ಪರಿಹಾರ ವಿಮೆ ಮಾಡಿಸಿ, ವೃತ್ತಿಜನ್ಯ ರೋಗಗಳೂ ಅದರಲ್ಲಿ ಸೇರಿವೆಯೆಂದು ವಿಮಾ ಕಂಪನಿಯಿಂದ ಲಿಖಿತವಾಗಿ ಪಡೆಯಬೇಕು.

5. ಗುತ್ತಿಗೆ ನೌಕರರು: ಕಸ ತೆಗೆಯುವವರಿಗೂ ಸೂಜಿ ಚುಚ್ಚುತ್ತದೆ. ಅವರು ಗುತ್ತಿಗೆದಾರನ ಕಡೆಯವರಾದರೂ ಪರಿಹಾರದ ಹೊಣೆ ಆಸ್ಪತ್ರೆಯ ಮೇಲೂ ಬರುತ್ತದೆ. ಕೊಟ್ಟ ಮೊತ್ತವನ್ನು ಗುತ್ತಿಗೆದಾರನಿಂದ ವಸೂಲು ಮಾಡುವ ಷರತ್ತು ಕರಾರಿನಲ್ಲಿ ಸ್ಪಷ್ಟವಾಗಿರಲಿ.

ಕೋವಿಡ್ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಕೇಂದ್ರ ಸರ್ಕಾರವು ಆರೋಗ್ಯ ಕಾರ್ಯಕರ್ತರಿಗೆ ರೂ. 50 ಲಕ್ಷದ ವಿಮೆ ಘೋಷಿಸಿತ್ತು. ಅದು ಆ ಒಂದು ರೋಗಕ್ಕೆ, ಆ ಕಾಲಕ್ಕೆ ಸೀಮಿತವಾಗಿತ್ತು. ದಿನನಿತ್ಯದ ಸೂಜಿಗೆ ಅಂತಹ ಘೋಷಣೆಯ ಆಸರೆಯಿಲ್ಲ. ಲಸಿಕೆ, ರಿಜಿಸ್ಟರ್ ಮತ್ತು ವಿಮೆ ಎಂಬ ಮೂರನ್ನು ಈ ತಿಂಗಳೇ ಪರಿಶೀಲಿಸಿದರೆ ನೌಕರರ ಜೀವಕ್ಕೂ ಮಾಲೀಕರ ಬಂಡವಾಳಕ್ಕೂ ರಕ್ಷಣೆ ದೊರೆಯುತ್ತದೆ.