ತಳ ಮುಟ್ಟುವ ಗಾಳ

ಟ್ರೌಟ್ ಮೀನು ಹೊಟ್ಟೆ ತುಂಬಿಸಿಕೊಳ್ಳುವುದು ಹೆಚ್ಚಾಗಿ ನೀರಿನೊಳಗೇ. ಮೇಫ್ಲೈ, ಸ್ಟೋನ್‌ಫ್ಲೈಗಳಂಥ ಕೀಟಗಳು ರೆಕ್ಕೆ ಮೂಡುವ ತನಕ ಹೊಳೆಯ ಕಲ್ಲುಗಳ ಸಂದಿಯಲ್ಲಿ ಬದುಕುತ್ತವೆ. ಈ ಮರಿಗಳ ಹೆಸರು ನಿಂಫ್. ಕೊಕ್ಕೆಗೆ ಗರಿ, ತುಪ್ಪಳ ಸುತ್ತಿ, ಭಾರ ಸೇರಿಸಿ ಅವುಗಳ ರೂಪದಲ್ಲಿ ಕಟ್ಟಿದ ಗಾಳವೂ ನಿಂಫ್ ಎಂದೇ ಕರೆಸಿಕೊಳ್ಳುತ್ತದೆ. ತೇಲುವ ನೊಣದ ಗಾಳಕ್ಕೆ ಮೀನು ಮೇಲೆದ್ದು ಬರಬೇಕು. ನಿಂಫ್ ಮೀನಿದ್ದಲ್ಲಿಗೇ ಇಳಿಯುತ್ತದೆ.

ಇಂಗ್ಲೆಂಡಿನ ವಕೀಲ ಜಿ.ಇ.ಎಂ. ಸ್ಕೂಸ್ 1910ರ ತಮ್ಮ ಪುಸ್ತಕದಲ್ಲಿ ಮುಳುಗುವ ಗಾಳದ ಪರವಾಗಿ ವಾದಿಸಿದರು. ಅದಕ್ಕೆ ಭಾರ ಕೂಡಿಸಿ ಹೆಸರಾದವರು ಏವನ್ ನದಿಯ ಕಾವಲುಗಾರ ಫ್ರಾಂಕ್ ಸಾಯರ್. ಅವರು ದಾರವನ್ನೇ ಬಿಟ್ಟು ಸಪೂರ ತಾಮ್ರದ ತಂತಿ ಹಿಡಿದರು. ಕೊಕ್ಕೆಯ ಎದೆಭಾಗದಲ್ಲಿ ತಂತಿಯನ್ನು ಉಬ್ಬುವಂತೆ ಸುತ್ತಿ, ಫೆಸೆಂಟ್ ಹಕ್ಕಿಯ ಬಾಲದ ಕೆಲವು ಎಳೆಗಳನ್ನು ಅದೇ ತಂತಿಯಿಂದ ಬಿಗಿದರೆ ಗಾಳ ಸಿದ್ಧ. ಈಗ ತಲೆಗೆ ಟಂಗ್‌ಸ್ಟನ್ ಮಣಿ ಪೋಣಿಸುವುದು ರೂಢಿ. ಟಂಗ್‌ಸ್ಟನ್ ಸೀಸಕ್ಕಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಸಾಂದ್ರವಾದ್ದರಿಂದ ಸಣ್ಣ ಮಣಿಯೂ ಬೇಗ ತಳ ಸೇರುತ್ತದೆ.

ಹೊಳೆಯ ಮೇಲ್ಮೈ ನೀರು ತಳದ ನೀರಿಗಿಂತ ಜೋರಾಗಿ ಓಡುತ್ತದೆ. ದಾರ ಆ ಸೆಳೆತಕ್ಕೆ ಸಿಕ್ಕರೆ ನಿಂಫ್ ಅಸಹಜ ವೇಗದಲ್ಲಿ ಎಳೆಸಿಕೊಂಡು ಹೋಗುತ್ತದೆ, ಮೀನು ನಂಬುವುದಿಲ್ಲ. ಅದಕ್ಕೇ ಗಾಳವನ್ನು ಹರಿವಿನ ಮೇಲ್ಬದಿಗೆ ಎಸೆದು, ಕೋಲು ಎತ್ತಿ ಹಿಡಿದು, ದಾರದ ಹೆಚ್ಚು ಭಾಗವನ್ನು ನೀರಿಗೆ ತಾಗಿಸದೆ ಗಾಳದ ಜೊತೆಗೇ ಸಾಗಿಸಬೇಕು. ದಾರ ಅರೆಕ್ಷಣ ನಿಂತರೂ ಸಾಕು, ಕೋಲು ಮೇಲೇಳಬೇಕು. ಕಚ್ಚಿದ್ದು ಕಲ್ಲೋ ಮೀನೋ ಎಂಬುದು ಆಮೇಲೆ ತಿಳಿಯುವ ಮಾತು.

ಈ ಗಾಳವನ್ನು ಉತ್ತರ ಕನ್ನಡದ ಕಾಳಿಗೆ ತರುವುದಾದರೆ, ಆ ನದಿ ಟ್ರೌಟ್‌ಗೆ ಒಗ್ಗುವುದಿಲ್ಲ. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಮೀನು ಬಳಲತೊಡಗುತ್ತದೆ. ಹಾಗಾಗಿ ದಕ್ಷಿಣ ಭಾರತದಲ್ಲಿ ಅದು ನೆಲೆಸಿದ್ದು ಮುನ್ನಾರ್, ನೀಲಗಿರಿಯ ಅವಲಾಂಚಿಗಳಂಥ ಎತ್ತರದ ತೊರೆಗಳಲ್ಲಿ. ಕಾಳಿ ಹರಿಯುವ ಜೊಯಿಡಾ, ದಾಂಡೇಲಿಯ ರಭಸದ ನೀರಿಗೆ ಹೇಳಿಮಾಡಿಸಿದ ಮೀನು ಮಹಶೀರ್. ಇದರ ಗುಣವನ್ನು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ಮಹಶೀರ್ ಹಣ್ಣು, ಏಡಿ, ಸಣ್ಣ ಮೀನಿನ ಜೊತೆ ಕೀಟದ ಮರಿಗಳನ್ನೂ ತಿನ್ನುತ್ತದೆ. ನಿಂಫ್ ಅದಕ್ಕೂ ಸಲ್ಲುತ್ತದೆ. ಆದರೆ ಅದರ ಬಾಯಿಯ ಬಲಕ್ಕೆ ತೆಳು ಕೊಕ್ಕೆ ನೇರವಾಗಿಬಿಡುತ್ತದೆ. ಗಟ್ಟಿ ತಂತಿಯ ಕೊಕ್ಕೆಯೇ ಬೇಕು.

ಇಲ್ಲಿ ಕಾನೂನಿನ ಅರಿವೂ ಕಸುಬಿನ ಭಾಗ. ನದಿಯ ಬಹುಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೂ ಅಂಚಿಗೂ ಹರಿಯುವುದರಿಂದ ಅರಣ್ಯ ಇಲಾಖೆಯನ್ನು ಕೇಳದೆ ಗಾಳ ಹಾಕಬಾರದು. ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಗಣೇಶಗುಡಿಯ ಕೆಳಗೆ ಹೊಳೆ ಏರುತ್ತದೆ. ದಾಂಡೇಲಿಯ ಆಸುಪಾಸಿನ ಮಡುಗಳಲ್ಲಿ ಮೊಸಳೆಗಳಿವೆ. ಅನುಮತಿ ಇರುವಲ್ಲಿಯೂ ಮುಳ್ಳಿಲ್ಲದ ಕೊಕ್ಕೆ ಬಳಸಿ, ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಲ್ಲೇ ಬಿಡಿಸಿ ಕಳಿಸುವುದು ಈ ಕಲೆಯ ಕೊನೆಯ ಪಾಠ.